ತರಬೇತಿ ಕೊಟ್ಟರೂ ತಪ್ಪು ನಿಲ್ಲದಿದ್ದರೆ
ಬ್ಯಾಡಗಿಯ ಮೆಣಸಿನಕಾಯಿ ಗೋದಾಮು ಅಂದುಕೊಳ್ಳಿ. ತೇವ ಶೇ 11 ದಾಟಬಾರದೆಂದು ಮೂರು ಸಲ ತರಬೇತಿಯಾದರೂ ಚೀಲದಲ್ಲಿ ಬೂಷ್ಟು. ನಾಲ್ಕನೆಯದು ಇಡಬೇಡಿ. ಒಣಗಿಸುವವರು, ಹಮಾಲರು, ಗುಮಾಸ್ತರನ್ನು ಒಂದು ತಾಸು ಕೂರಿಸಿ. ಮಾಲೀಕರು ಮೊದಲ ಅರ್ಧ ತಾಸು ಹೊರಗಿರಲಿ, ಇಲ್ಲದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

‘ಕೆಲಸಗಾರರಿಗೆ ಗೊತ್ತಿಲ್ಲ’ ಎಂಬ ನಂಬಿಕೆಯನ್ನೇ ಹಲಗೆಯ ಮೇಲೆ ಬರೆದು ಪರೀಕ್ಷಿಸಿ. ತೇವ ಅಳೆಯುವ ಮೀಟರ್ ಆಫೀಸಿನ ಕಪಾಟಿನಲ್ಲಿದೆಯೇ? ಕೂಲಿ ಕ್ವಿಂಟಲ್ ಲೆಕ್ಕವೇ? ಹಾಗಿದ್ದರೆ ಒಣಗಿದಷ್ಟೂ ತೂಕ ಇಳಿದು ಕೂಲಿಯೂ ಇಳಿಯುತ್ತದೆ. ಚೆನ್ನಾಗಿ ಒಣಗಿಸಿದವರಿಗೇ ದಂಡ! ಸಂಸ್ಥೆಗಳು ಹೇಗೆ ಕಲಿಯುತ್ತವೆ ಎಂದು ಅಧ್ಯಯನ ಮಾಡಿದ ಕ್ರಿಸ್ ಆರ್ಗಿರಿಸ್, ಡೊನಾಲ್ಡ್ ಶೋನ್ ವಿವರಿಸಿದ ಎರಡು ಸುತ್ತಿನ ಕಲಿಕೆ ಇದೇ: ತಪ್ಪಿನ ಜೊತೆ ಅದನ್ನು ಹುಟ್ಟಿಸುವ ನಿಯಮವನ್ನೂ ಕೆದಕುವುದು.

ಎರಡು ವಾರ ಒಂದೇ ತಂಡಕ್ಕೆ ದಿನಗೂಲಿ ಕೊಟ್ಟು, ದಿನಾ ಹತ್ತು ಚೀಲದ ತೇವ ಬರೆದಿಡಿ. ಕೆಲಸ ನಿಧಾನವಾದೀತು, ಅದನ್ನೂ ಬರೆಯಿರಿ.