ಉಪಗ್ರಹ ತಂಡ ಸೇರಬೇಕಾ? ಮೊದಲು ಮಾಳಿಗೆ ಹತ್ತಿ

ಬೆಳಗಾವಿಯಲ್ಲಿ ಓದುವಾಗ ನಾನು ವಿದ್ಯಾರ್ಥಿ ಉಪಗ್ರಹ ತಂಡವೊಂದರಲ್ಲಿ ಇದ್ದೆ. ಈಗ ಹೊಸಬರನ್ನು ಆರಿಸುವ ದಿನ ನನ್ನನ್ನೂ ಕರೆಯುತ್ತಾರೆ, ಮೇಜಿನ ಈಚೆ ಕಡೆ ಕೂರುತ್ತೇನೆ. ಪ್ರತಿ ಸಲ ಇದೇ ಮಾತುಕತೆ.

‘ಏನ್ ಮಾಡ್ಬೇಕಂತೀಯಪಾ?’

‘ಸ್ಯಾಟಲೈಟ್ ಮಾಡ್ತೀನ್ರೀ ಸರ್.’

‘ಇಲ್ಲೀತನಕ ಏನ್ ಮಾಡೀಯಪಾ?’

‘ಮೂರು ಆನ್‌ಲೈನ್ ಕೋರ್ಸ್ ಮುಗಿಸೀನ್ರೀ. ಸರ್ಟಿಫಿಕೇಟ್ ತಂದೀನಿ.’

ಹುಡುಗ ಜಾಣ ಇರುತ್ತಾನೆ. ಆದರೂ ಮುಂದೆ ಏನು ಕೇಳಬೇಕು ಅಂತ ನಮಗೆ ತೋಚುವುದಿಲ್ಲ. ಹಾಗಾಗಬಾರದು ಅಂದರೆ ಹೇಗೆ ತಯಾರಾಗಬೇಕು, ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು: ಯಾವ ವಿಭಾಗ?

ಕಾಲೇಜು ತಂಡಗಳು ಹೆಚ್ಚಾಗಿ ಕಟ್ಟುವುದು ಕ್ಯೂಬ್‌ಸ್ಯಾಟ್, ಅಂದರೆ ಡಬ್ಬಿಯಾಕಾರದ ಪುಟ್ಟ ಉಪಗ್ರಹ. ಅಡ್ಡ, ಉದ್ದ, ಎತ್ತರ ಎಲ್ಲ ಸುಮಾರು 10 ಸೆಂಟಿಮೀಟರ್. 1999ರಲ್ಲಿ ಅಮೆರಿಕದ ಇಬ್ಬರು ಪ್ರೊಫೆಸರ್‌ಗಳು ವಿದ್ಯಾರ್ಥಿಗಳಿಗಾಗಿಯೇ ಈ ಅಳತೆ ಗೊತ್ತುಮಾಡಿದರು. ಅಷ್ಟು ಸಣ್ಣ ಡಬ್ಬಿಯೊಳಗೆ ವಿದ್ಯುತ್, ರೇಡಿಯೊ, ಕಂಪ್ಯೂಟರ್, ದಿಕ್ಕು ಹಿಡಿಯುವ ವ್ಯವಸ್ಥೆ, ಹೊರಗಿನ ಚೌಕಟ್ಟು ಎಲ್ಲ ಕೂರಬೇಕು. ಬಂದವರೆಲ್ಲ ‘ಕೋಡಿಂಗ್ ಕೊಡಿ’ ಅನ್ನುತ್ತಾರೆ. ಕೇಳಬೇಡಿ, ಅಲ್ಲಿ ಸಂತೆ. ವಿದ್ಯುತ್ ವಿಭಾಗ ಅಥವಾ ರೇಡಿಯೊ ಕೇಳಿ. ಮೆಕ್ಯಾನಿಕಲ್‌ನವರಿಗೆ ಬೆಳಗಾವಿಯಲ್ಲಿ ಇನ್ನೂ ಸಲೀಸು. ಉದ್ಯಮಬಾಗ್‌ನ ವರ್ಕ್‌ಶಾಪ್‌ಗಳಲ್ಲಿ ನಾಲ್ಕು ದಿನ ನಿಂತು ಅಲ್ಯೂಮಿನಿಯಂ ಕಡೆಯುವುದನ್ನು ನೋಡಿ. ನಿಮ್ಮ ಡ್ರಾಯಿಂಗ್‌ನಲ್ಲಿ ಯಾವುದು ಕಾಗದದ ಮೇಲಷ್ಟೇ ಚೆಂದ ಅಂತ ಅಲ್ಲಿನ ಮೇಸ್ತ್ರಿ ಒಂದೇ ಮಾತಿನಲ್ಲಿ ಹೇಳುತ್ತಾರೆ.

ಆಮೇಲೆ: ಒಂದು ಸದ್ದು ಹಿಡಿದು ತನ್ನಿ

ಎಲ್ಲರೂ ಎಡವುವುದು ಇಲ್ಲೇ. ಯಾವ ವಿಭಾಗ ಕೇಳಿದರೂ ಸರಿ, ಬರುವ ಮುಂಚೆ ನಿಮ್ಮ ಮನೆ ಮಾಳಿಗೆಯಿಂದ ಒಂದು ಉಪಗ್ರಹದ ರೇಡಿಯೊ ಸದ್ದು ಹಿಡಿಯಿರಿ. ಮಳೆಗಾಲದಲ್ಲಿ ಬೆಳಗಾವಿಯ ಆಕಾಶದ ಕೆಳಗೆ ಲ್ಯಾಪ್‌ಟಾಪ್ ಇಟ್ಟು ಕೂರಲು ಆಗುವುದಿಲ್ಲ. ಹಾಗಾಗಿ ಇದನ್ನು ಬೇಸಿಗೆ ರಜೆಯಲ್ಲೇ ಮಾಡಿ. ಬಾಗಲಕೋಟೆ, ವಿಜಯಪುರದವರಿಗೆ ಆ ತಾಪತ್ರಯ ಇಲ್ಲ, ಬಿಸಿಲು ಇಳಿದ ಮೇಲೆ ಹತ್ತಿದರಾಯಿತು.

ಯೂಟ್ಯೂಬ್‌ನ ಹಳೆಯ ವಿಡಿಯೊಗಳು ಅಮೆರಿಕದ ನೋವಾ ಹವಾಮಾನ ಉಪಗ್ರಹದ ಚಿತ್ರ ಹಿಡಿಯಿರಿ ಅನ್ನುತ್ತವೆ. ಆ ಉಪಗ್ರಹಗಳನ್ನು 2025ರಲ್ಲೇ ಬಂದ್ ಮಾಡಿದ್ದಾರೆ. ಸುಮ್ನೆ ರಾತ್ರಿಯೆಲ್ಲ ಕಾಯಬೇಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಲಭದ ಗುರಿ. ಅದರ ಹವ್ಯಾಸಿ ರೇಡಿಯೊ 145.825 ಮೆಗಾಹರ್ಟ್ಸ್‌ನಲ್ಲಿ ಸಂದೇಶದ ತುಣುಕುಗಳನ್ನು ಮರುಪ್ರಸಾರ ಮಾಡುತ್ತದೆ. ಕಿವಿಗೆ ‘ಬ್ರರ್ರ್’ ಅಂತ ಒಂದು ಸಣ್ಣ ಸದ್ದು, ಅಷ್ಟೇ. ಗಗನಯಾತ್ರಿಗಳು ಹೊರಗೆ ಬಂದು ಕೆಲಸ ಮಾಡುವ ದಿನ, ಹೊಸ ನೌಕೆ ಬಂದು ಸೇರುವ ದಿನ ಆ ರೇಡಿಯೊ ಆಫ್ ಇರುತ್ತದೆ. ಮೊದಲೇ ನೋಡಿಕೊಳ್ಳಿ.

ಆಂಟೆನಾ ಕೊಳ್ಳಬೇಡಿ, ಮಾಡಿ. ಬಡಗಿಗಳು ಬಳಸುವ ಉಕ್ಕಿನ ಅಳತೆ ಟೇಪ್ ಸಾಕು. 49 ಸೆಂಟಿಮೀಟರ್‌ನ ಎರಡು ತುಂಡು ಕತ್ತರಿಸಿ. ತುದಿ ಬ್ಲೇಡಿನ ಹಾಗೆ ಕುಯ್ಯುತ್ತದೆ, ದುಂಡಗೆ ಮಾಡಿ ಇನ್ಸುಲೇಶನ್ ಟೇಪ್ ಸುತ್ತಿ. ಎರಡು ತುಂಡಿನ ನಡುವೆ ಒಂದು ಬೆರಳು ಜಾಗ ಬಿಟ್ಟು, ವಿ ಆಕಾರದಲ್ಲಿ 120 ಡಿಗ್ರಿ ಅಗಲಿಸಿ ಮರದ ಹಲಗೆಗೆ ಕಟ್ಟಿ. ಮಲಗಿಸಿಯೇ ಇಡಿ, ನಿಲ್ಲಿಸಬೇಡಿ.

ಈಗ ಬೆಸುಗೆ. ಅಳತೆ ಟೇಪಿನ ಹಳದಿ ಬಣ್ಣದ ಮೇಲೆಯೇ ಸೋಲ್ಡರ್ ಹಚ್ಚಿ, ಅದು ಗುಂಡಿಯಂತೆ ಕೂತಿದ್ದನ್ನು ಕಂಡು ‘ಹಿಡಿಯಿತು’ ಅಂತ ನಂಬಿದವರನ್ನು ಬಹಳ ನೋಡಿದ್ದೇನೆ. ಅದು ಹಿಡಿದಿಲ್ಲ, ಉಗುರಿನಿಂದ ಎಬ್ಬಿಸಿದರೆ ಕಳಚುತ್ತದೆ. ಸ್ಯಾಂಡ್‌ಪೇಪರ್‌ನಿಂದ ಬಣ್ಣ ಪೂರ್ತಿ ತೆಗೆಯಿರಿ. ಬಣ್ಣದ ಕೆಳಗೆ ಒಂದು ಕಪ್ಪು ಪದರ ಇರುತ್ತದೆ, ಅದೂ ಹೋಗಬೇಕು. ಉಕ್ಕು ಬೆಳ್ಳಗೆ ಹೊಳೆಯುವ ತನಕ ಉಜ್ಜಿ. ಸೋಲ್ಡರಿಂಗ್ ಪೇಸ್ಟ್ (ಫ್ಲಕ್ಸ್) ಹಚ್ಚಿ. 25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಇದಕ್ಕೆ ಸಾಲದು, ಟೇಪ್ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. 60 ವ್ಯಾಟ್‌ನದ್ದು ಯಾರಿಂದಾದರೂ ಇಸಿದುಕೊಳ್ಳಿ. ಮೊದಲು ಉಕ್ಕಿನ ಮೇಲೆ ತೆಳ್ಳಗೆ ಸೋಲ್ಡರ್ ಹರಿಸಿ, ಆಮೇಲೆ ರಿಸೀವರ್‌ಗೆ ಹೋಗುವ ಕೊಆಕ್ಸಿಯಲ್ ಕೇಬಲ್ ಇಟ್ಟು ಮತ್ತೊಮ್ಮೆ ಬಿಸಿ ಮಾಡಿ. ಕೇಬಲ್‌ನ ನಡುವಿನ ತಂತಿ ಒಂದು ತುಂಡಿಗೆ, ಮೇಲಿನ ಜಾಳಿಗೆ ಇನ್ನೊಂದಕ್ಕೆ. ಜಾಳಿಗೆಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಎಲ್ಲ ವ್ಯರ್ಥ. ಮಲ್ಟಿಮೀಟರ್ ಹಚ್ಚಿ ನೋಡಿ, ಬೀಪ್ ಬಂತೆಂದರೆ ಬಿಚ್ಚಿ ಮತ್ತೆ ಮಾಡಿ. ಬೆಸುಗೆಯ ಗೊಡವೆಯೇ ಬೇಡ ಅಂತ ಕೆಲವರು ವಯರಿಂಗ್‌ನವರ ಕನೆಕ್ಟರ್‌ಗೆ ಸ್ಕ್ರೂ ತಿರುಗಿಸುತ್ತಾರೆ. ಒಂದು ವಾರ ನಡೆಯುತ್ತದೆ. ಆಮೇಲೆ ತುಕ್ಕು ಹಿಡಿದು ಸದ್ದು ಬಂದು ಹೋಗಿ ಮಾಡುತ್ತದೆ, ತಪ್ಪು ಎಲ್ಲಿದೆ ಅಂತ ತಲೆ ಕೆಡುತ್ತದೆ.

ರಿಸೀವರ್‌ಗೆ ಯುಎಸ್‌ಬಿ ಎಸ್‌ಡಿಆರ್ ಡಾಂಗಲ್ ಸಾಕು, ಅಂದರೆ ಲ್ಯಾಪ್‌ಟಾಪ್‌ಗೆ ಚುಚ್ಚಿ ಸಾಫ್ಟ್‌ವೇರ್‌ನಿಂದ ರೇಡಿಯೊ ಕೇಳುವ ಕಡ್ಡಿ. ತೀರಾ ಅಗ್ಗದ ನಕಲಿ ಬೇಡ. ನಾನು ಮೊದಲು ತಂದದ್ದು ಹತ್ತು ನಿಮಿಷಕ್ಕೆ ಕಾದು, ಹೇಳಿದ ಆವರ್ತನ ಬಿಟ್ಟು ಎಲ್ಲಿಗೋ ಸರಿಯುತ್ತಿತ್ತು. ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೊದವರ ವಾಕಿಟಾಕಿ ಸಿಕ್ಕರೆ ಅದರಲ್ಲೂ ಕೇಳಿಸುತ್ತದೆ. ಆದರೆ ಅದರ ಮಾತಾಡುವ ಗುಂಡಿ ಮುಟ್ಟಬೇಡಿ. ಪ್ರಸಾರ ಮಾಡಲು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ, ಲೈಸೆನ್ಸ್ ಬೇಕು. ಅದರ ಪರೀಕ್ಷೆ ಅಷ್ಟೇನೂ ಕಷ್ಟವಲ್ಲ, ಕಟ್ಟಿಬಿಡಿ. ತಂಡಕ್ಕೆ ಲೈಸೆನ್ಸ್ ಇದ್ದವರು ಯಾವತ್ತೂ ಕಡಿಮೆಯೇ.

ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. ನಿಮ್ಮ ತಲೆಯ ಮೇಲೆ ಸಿಗುವುದು ಹತ್ತು ನಿಮಿಷ, ಅದೂ ಹೆಚ್ಚೆಂದರೆ. ಯಾವಾಗ ಬರುತ್ತದೆ ಅಂತ ಮೊಬೈಲ್ ಆ್ಯಪ್ ಹೇಳುತ್ತದೆ. ದಿಗಂತದಿಂದ 40 ಡಿಗ್ರಿಗಿಂತ ಮೇಲೆ ಏರುವ ಸುತ್ತು ಮಾತ್ರ ನೋಡಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ, ಅದರ ಗದ್ದಲವೇ ಜಾಸ್ತಿ. ಹತ್ತಿರದಲ್ಲಿ ಎಲ್ಇಡಿ ಬಲ್ಬ್, ಇನ್ವರ್ಟರ್ ಇದ್ದರೂ ಅಷ್ಟೇ.

ಟಿಳಕವಾಡಿಯ ರೈಲ್ವೆ ಗೇಟಿನ ಹತ್ತಿರ ನಿಂತು ರೈಲಿನ ಸೀಟಿ ಕೇಳಿದ್ದೀರಲ್ಲ? ಬರುವಾಗ ಏರುಸ್ವರ, ಹೋಗುವಾಗ ಇಳಿಸ್ವರ. ಇಲ್ಲೂ ಹಾಗೇ. ನಿಲ್ದಾಣ ಹತ್ತಿರ ಬರುವಾಗ ಅದರ ರೇಡಿಯೊ ಆವರ್ತನ ಮೂರು ಕಿಲೋಹರ್ಟ್ಸ್‌ನಷ್ಟು ಮೇಲಿರುತ್ತದೆ, ದಾಟಿ ಹೋಗುವಾಗ ಅಷ್ಟೇ ಕೆಳಗಿಳಿಯುತ್ತದೆ. ಕಾಲೇಜು ಉಪಗ್ರಹಗಳು ಹೆಚ್ಚಾಗಿ ಬಳಸುವ 435ರಿಂದ 438 ಮೆಗಾಹರ್ಟ್ಸ್‌ನಲ್ಲಿ ಈ ಏರಿಳಿತ ಹತ್ತು ಕಿಲೋಹರ್ಟ್ಸ್ ಮುಟ್ಟುತ್ತದೆ. ರಿಸೀವರ್‌ನ ಆವರ್ತನ ಬದಲಿಸುತ್ತ ಅದನ್ನು ಬೆನ್ನಟ್ಟದಿದ್ದರೆ ಏನೂ ಸಿಗದು. ಇದನ್ನು ಪರದೆಯ ಮೇಲೆ ಕಣ್ಣಾರೆ ಕಂಡವನಿಗೆ ಸಂದರ್ಶನದಲ್ಲಿ ಕೇಳಲು ನಮ್ಮ ಹತ್ತಿರ ನೂರು ಪ್ರಶ್ನೆ ಇರುತ್ತವೆ.

ನೋಟ್‌ಬುಕ್

ಮೊದಲ ಸಲ ಏನೂ ಕೇಳಿಸುವುದಿಲ್ಲ. ಎರಡನೇ ಸಲವೂ ಬಹುಶಃ ಇಲ್ಲ. ದಿನಾಂಕ, ಹೊತ್ತು, ಎಷ್ಟು ಡಿಗ್ರಿ, ಏನು ಬದಲಾಯಿಸಿದಿರಿ, ಏನಾಯಿತು ಎಲ್ಲ ಬರೆಯಿರಿ. ಇಪ್ಪತ್ತು ರೂಪಾಯಿಯ ರೂಲ್ ಬುಕ್ ಸಾಕು. ನಾನಂತೂ ಸರ್ಟಿಫಿಕೇಟ್ ಫೈಲು ಬಿಟ್ಟು ಮೊದಲು ಇದನ್ನೇ ನೋಡುತ್ತೇನೆ. ಯಾಕೆ ಅಂದರೆ, ಐಐಟಿ ಬಾಂಬೆಯ ‘ಪ್ರಥಮ್’ ಉಪಗ್ರಹದ ಕೆಲಸ ಶುರುವಾದದ್ದು 2007ರಲ್ಲಿ, ಅದು ಮೇಲೆ ಹೋದದ್ದು 2016ರ ಸೆಪ್ಟೆಂಬರ್‌ನಲ್ಲಿ. ಶುರು ಮಾಡಿದ ಹುಡುಗರು ಓದು ಮುಗಿಸಿ, ನೌಕರಿ ಹಿಡಿದು, ಮದುವೆಯೂ ಆಗಿರಬೇಕು. ಅದೇ ರಾಕೆಟ್‌ನಲ್ಲಿ ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ‘ಪೈಸ್ಯಾಟ್’ ಕೂಡ ಹೋಯಿತು. ನೀವು ನಾಲ್ಕು ವರ್ಷಕ್ಕೆ ಹೋಗುತ್ತೀರಿ, ಡಬ್ಬಿ ಲ್ಯಾಬಿನಲ್ಲೇ ಉಳಿಯುತ್ತದೆ. ಆ ತಂತಿ ಅಲ್ಲಿಗೆ ಯಾಕೆ ಹೋಗಿದೆ ಅಂತ ಮುಂದಿನವರಿಗೆ ಹೇಳುವವರು ಯಾರು? ನಮ್ಮ ತಂಡದಲ್ಲಿ ಒಬ್ಬ ಅಣ್ಣ ಬ್ಯಾಟರಿ ಬೋರ್ಡ್ ಚೆಂದಾಗಿ ಮಾಡಿದ್ದ, ಒಂದು ಸಾಲೂ ಬರೆದಿಡಲಿಲ್ಲ. ಅವನು ಪುಣೆಗೆ ಹೋದ ಮೇಲೆ ನಾವು ಅದನ್ನು ಮೊದಲಿನಿಂದ ಮಾಡಬೇಕಾಯಿತು.

ಅರ್ಜಿ, ಸಂದರ್ಶನ

ಅರ್ಜಿ ಒಂದು ಪುಟ ಇರಲಿ. ಸಂದರ್ಶನದಲ್ಲಿ ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ರೀ’ ಅನ್ನಿ. ‘ಇಸ್ರೊ ಸೇರಬೇಕು’ ಅನ್ನುವ ಭಾಷಣ ಬೇಡ. ಒಂದು ಲೆಕ್ಕ ಮಾತ್ರ ಕಲಿತು ಬನ್ನಿ. ಉಪಗ್ರಹದ ಒಂದು ಸುತ್ತು 95 ನಿಮಿಷದ್ದು, ಅದರಲ್ಲಿ ಸುಮಾರು 35 ನಿಮಿಷ ನೆರಳು. ಬಿಸಿಲಿದ್ದಾಗ ಸೌರಫಲಕ ಸರಾಸರಿ 2 ವ್ಯಾಟ್ ಕೊಟ್ಟರೆ ಇಡೀ ಸುತ್ತಿಗೆ ಎಷ್ಟು ಬಂತು, ರೇಡಿಯೊ ಎಷ್ಟು ಹೊತ್ತು ಹಚ್ಚಿಡಬಹುದು? ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ತೋರಿಸಿದವರನ್ನು ನಾನು ವಾಪಸ್ ಕಳಿಸಿದ್ದು ನೆನಪಿಲ್ಲ.

ಆಯ್ಕೆಯಾದ ಮೇಲೆ

ಮೊದಲ ಆರು ತಿಂಗಳು ಉಪಗ್ರಹವನ್ನು ಮುಟ್ಟಲು ಬಿಡುವುದಿಲ್ಲ. ಮೇಜು ಒರೆಸುವುದು, ಕೇಬಲ್‌ಗಳಿಗೆ ಹೆಸರು ಅಂಟಿಸುವುದು, ಹಳೆಯ ನೋಟ್‌ಬುಕ್ ಓದುವುದು. ಬೇಜಾರು ಮಾಡಿಕೊಂಡು ಬಿಡಬೇಡಿ. ಇನ್ನೊಂದು ಮಾತು, ಡಿಸೆಂಬರ್‌ನಲ್ಲಿ ಬೆಳಗಾವಿ ಚಳಿಗೆ ಉಲ್ಲನ್ ಸ್ವೆಟರ್ ಹಾಕಿಕೊಂಡು ನೇರ ಬೋರ್ಡಿನ ಹತ್ತಿರ ಬರುತ್ತಾರೆ. ಆ ಸ್ವೆಟರ್‌ನ ಸ್ಥಿರ ವಿದ್ಯುತ್ತಿನ ಚಟಪಟಕ್ಕೆ ಚಿಪ್ ಸಾಯುತ್ತದೆ. ಬಾಗಿಲಲ್ಲೇ ಸ್ವೆಟರ್ ಬಿಚ್ಚಿ, ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಹಾಕಿ ಒಳಗೆ ಬನ್ನಿ. ಒಳಗೆ ಹತ್ತಿ ಶರ್ಟ್ ಎರಡು ಹಾಕಿಕೊಂಡರೆ ಚಳಿ ತಡೆಯುತ್ತದೆ.