ಕಲ್ಲು ಗುರುತಿಸುವ ಸ್ಪರ್ಧೆಗೆ ನೋಟ್ಸ್ ಒಯ್ಯಬೇಕಾ? ಒಯ್ಯಿರಿ, ಆದರೆ ಹೀಗೆ ಬರೆದುಕೊಂಡು

ನಿಯಮದಲ್ಲಿ ಅವಕಾಶ ಇದ್ದರೆ ನೋಟ್ಸ್ ಒಯ್ಯಿರಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಬಳ್ಳಾರಿಯಲ್ಲಿ ಹೈಸ್ಕೂಲ್ ಮಕ್ಕಳನ್ನು ಕಲ್ಲು, ಖನಿಜ ಗುರುತಿಸುವ ಸ್ಪರ್ಧೆಗೆ ತಯಾರು ಮಾಡುವಾಗ ಪ್ರತಿ ಸಲ ಯಾರಾದರೂ ಒಬ್ಬರು "ಸರ್, ನೋಡ್ಕೊಂಡು ಬರೆದ್ರೆ ಕಾಪಿ ಹೊಡೆದಂಗ ಆಗಲ್ಲೇನ್ರಿ?" ಅಂತ ಕೇಳುತ್ತಾರೆ. ಆಗಲ್ಲ. ಗಣಿಯಲ್ಲಿ ಕೆಲಸ ಮಾಡುವವರೂ ಅನುಮಾನ ಬಂದಾಗ ಪುಸ್ತಕ ತೆಗೆಯುತ್ತಾರೆ. ಅಮೆರಿಕದ ಸೈನ್ಸ್ ಒಲಿಂಪಿಯಾಡ್‌ನ ಕಲ್ಲು-ಖನಿಜ ಸ್ಪರ್ಧೆಯಲ್ಲಿ ಮಕ್ಕಳು ತಾವೇ ಮಾಡಿಕೊಂಡ ಟಿಪ್ಪಣಿ ಫೈಲ್ ಒಯ್ಯುವ ಪದ್ಧತಿಯೇ ಇದೆ. ನನ್ನ ತಕರಾರು ಇರುವುದು ನೋಟ್ಸ್ ಹೇಗಿರುತ್ತದೆ ಅನ್ನುವುದರ ಬಗ್ಗೆ.

ಯಾಕೆ ಅಂತ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸಂಡೂರು ಕಡೆಯ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸ್ಪರ್ಧೆಗೆ ಬಂದಿದ್ದಳು. ಅವಳ ಕೈಯಲ್ಲಿ 80 ಪುಟದ ಸ್ಪೈರಲ್ ಪುಸ್ತಕ. ಬೇರೆ ಬೇರೆ ಕಡೆಯಿಂದ ಫೋಟೋ ಆರಿಸಿ, ಜೆರಾಕ್ಸ್ ಮಾಡಿಸಿ ಕೊಟ್ಟವನು ನಾನೇ. ಅವಳ ಮುಂದೆ ಬೂದು ಬಣ್ಣದ, ಉಕ್ಕಿನ ಹಾಗೆ ಹೊಳೆಯುವ ಒಂದು ಕಲ್ಲು ಇತ್ತು. ಅವಳು ಪುಟ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಕಬ್ಬಿಣದ ಅದಿರು ಹೆಮಟೈಟ್‌ನ ಪುಟದಲ್ಲಿ ಕೆಂಪು ಉಂಡೆಯ ಫೋಟೋ ಇತ್ತು, ಇದು ಕೆಂಪಿಲ್ಲ. ಕೊನೆಗೆ ಕಬ್ಬಿಣದ್ದೇ ಇನ್ನೊಂದು ಅದಿರು ಮ್ಯಾಗ್ನೆಟೈಟ್ ಅಂತ ಬರೆದು ಮುಂದೆ ಹೋದಳು. ಅದು ಹೆಮಟೈಟ್. ಅವಳ ಮೊಣಕೈ ಪಕ್ಕದಲ್ಲೇ ಗೀರಿ ನೋಡಲು ಬಿಳಿ ಬಿಲ್ಲೆ ಇಟ್ಟಿದ್ದರು. ಒಂದು ಗೀರು ಎಳೆದಿದ್ದರೆ ಕೆಂಪು-ಕಂದು ಗೆರೆ ಬೀಳುತ್ತಿತ್ತು. ಅವಳ ಬಿಳಿ ಸಾಕ್ಸಿನ ಅಂಚಿಗೆ ಹತ್ತಿದ್ದ ಕೆಂಪು ಧೂಳಿನ ಬಣ್ಣವೇ ಅದು.

ಆ ಮೇಲೆ ನಾನು ಯಾರಿಗೂ ನೋಟ್ಸ್ ಮಾಡಿ ಕೊಟ್ಟಿಲ್ಲ. ಮಕ್ಕಳೇ ಬರೆಯಬೇಕು, ಅದೂ ಒಂದೇ ಹಾಳೆ, ಎರಡೂ ಬದಿ.

ಬರೆಯುವ ಮೊದಲು ಕೈಗೆ ಕಲ್ಲು ಸಿಗಬೇಕು. ನಮ್ಮ ಕಡೆ ಇದಕ್ಕೆ ಬರವಿಲ್ಲ. ಬೆಣಚುಕಲ್ಲು ಹೊಲದ ಬದುವಿನಲ್ಲೇ ಸಿಗುತ್ತದೆ. ಗ್ರಾನೈಟ್ ಕಟಿಂಗ್ ಮಾಡುವ ಕಡೆ ಕೇಳಿದರೆ ತುಂಡು ಕೊಡುತ್ತಾರೆ. ಅದರಲ್ಲಿ ಗುಲಾಬಿ ಫೆಲ್ಡ್‌ಸ್ಪಾರ್, ಗಾಜಿನಂಥ ಬೆಣಚು, ಕಪ್ಪು ಅಭ್ರಕ ಮೂರೂ ಒಟ್ಟಿಗೆ ಕಾಣುತ್ತವೆ. ಗಣಿ ಒಳಗೆ ಮಾತ್ರ ಹೋಗಬೇಡಿ. ಬಳ್ಳಾರಿ ಹತ್ತಿರದ ಸಂಗನಕಲ್ಲು ಗುಡ್ಡದಿಂದ ಏನನ್ನೂ ಹೆಕ್ಕಬೇಡಿ. ಅಲ್ಲಿನ ಕಪ್ಪು ಡಾಲರೈಟ್ ಬಂಡೆಗಳು ತಟ್ಟಿದರೆ ನಾದ ಕೊಡುತ್ತವೆ, ಮೇಲೆ ಸಾವಿರಾರು ವರ್ಷ ಹಳೆಯ ಗೀರು ಚಿತ್ರಗಳಿವೆ. ಹೋಗಿ ನೋಡಿ, ಕೇಳಿ, ಬರಿಗೈಲಿ ವಾಪಸ್ ಬನ್ನಿ.

ಸಾಮಾನು ಜಾಸ್ತಿ ಬೇಡ. ಮೆರುಗಿಲ್ಲದ ಬಿಳಿ ಟೈಲ್ಸ್ ತುಂಡು, ಇಲ್ಲದಿದ್ದರೆ ಮಾಮೂಲಿ ಟೈಲ್ಸಿನ ಹಿಂಬದಿ. ಹಾಳಾದ ಸ್ಪೀಕರಿನ ಅಯಸ್ಕಾಂತ. ಒಂದು ಗಾಜಿನ ಬಾಟಲಿ, ಒಂದು ಭೂತಗನ್ನಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಸ್ವಲ್ಪ ವಿನೆಗರ್. ಅಕ್ಕಸಾಲಿಗರು ಒರೆಗಲ್ಲಿನ ಮೇಲೆ ಚಿನ್ನ ಉಜ್ಜುವುದನ್ನು ನೋಡಿದ್ದೀರಿ ಅಲ್ವಾ? ಟೈಲ್ಸ್ ಮೇಲೆ ಕಲ್ಲು ಗೀರುವುದೂ ಅದೇ ಜಾತಿಯ ಕೆಲಸ. ಕಲ್ಲಿನ ಮೇಲ್ಮೈ ಬಣ್ಣ ಹೇಗೂ ಇರಬಹುದು, ಆದರೆ ಪುಡಿಯ ಬಣ್ಣ ಸುಲಭಕ್ಕೆ ಮೋಸ ಮಾಡುವುದಿಲ್ಲ. ಸಂಡೂರು ಕಡೆ ಗಣಿಯವರು ಬ್ಲೂ ಡಸ್ಟ್ ಅನ್ನುವ ಅದಿರಿನ ಪುಡಿ ನೋಡಲು ನೀಲಿ-ಬೂದು, ಅದನ್ನೇ ಬಿಲ್ಲೆಗೆ ಉಜ್ಜಿದರೆ ಕೆಂಪು. ಅದೂ ಹೆಮಟೈಟೇ.

ಗಡಸುತನಕ್ಕೆ ಖನಿಜ ವಿಜ್ಞಾನಿ ಮೋಸ್ 1812ರಲ್ಲಿ ಮಾಡಿದ 1ರಿಂದ 10ರ ಅಳತೆ (1 ಅತಿ ಮೆತ್ತಗೆ, 10 ಅತಿ ಗಟ್ಟಿ) ಈಗಲೂ ನಡೆಯುತ್ತದೆ. ಹತ್ತೂ ಹೆಸರು ಬಾಯಿಪಾಠ ಮಾಡಿ, ಆದರೆ ಸ್ಪರ್ಧೆಯ ಹಾಲ್‌ನಲ್ಲಿ ಕೆಲಸಕ್ಕೆ ಬರುವುದು ಎರಡೇ ಗೆರೆ. ಉಗುರು ಸುಮಾರು 2.5, ಗಾಜು ಸುಮಾರು 5.5. ಬಳಪದ ಕಲ್ಲಿನ ಟಾಲ್ಕ್ ಮತ್ತು ಜಿಪ್ಸಮ್ ಉಗುರಿಗೆ ಸೋಲುತ್ತವೆ. ಸುಣ್ಣದ ಕಲ್ಲಿನ ಕ್ಯಾಲ್ಸೈಟ್ 3, ಉಗುರಿಗೆ ಬಗ್ಗಲ್ಲ, ಗಾಜನ್ನೂ ಗೀರಲ್ಲ. ಬೆಣಚು 7, ಗಾಜನ್ನು ಸಲೀಸಾಗಿ ಗೀರುತ್ತದೆ. ಬಾಟಲಿಯನ್ನು ಮೇಜಿನ ಮೇಲೆ ಮಲಗಿಸಿ ಗೀರಿ, ಕೈಯಲ್ಲಿ ಹಿಡಿದು ಬೇಡ. ಗೀರಿದ ಮೇಲೆ ಬೆರಳಿನಿಂದ ಒರೆಸಿ ನೋಡಿ, ಎಷ್ಟೋ ಸಲ ಗಾಜಿನ ಮೇಲೆ ಬಿದ್ದಿರುವುದು ಗೀರಲ್ಲ, ಕಲ್ಲಿನದೇ ಪುಡಿ.

ತೂಕದ ಪರೀಕ್ಷೆ ಮಕ್ಕಳಿಗೆ ತುಂಬಾ ಇಷ್ಟ. ಕಲ್ಲನ್ನು ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲಿಗೆ ದಾರ ಕಟ್ಟಿ, ಪೂರ್ತಿ ಮುಳುಗುವ ಹಾಗೆ ಆದರೆ ತಳಕ್ಕೆ, ಬದಿಗೆ ತಾಗದ ಹಾಗೆ ನೀರಿನಲ್ಲಿ ತೂಗುಬಿಡಿ. ಈಗ ತಕ್ಕಡಿ ಎಷ್ಟು ತೋರಿಸುತ್ತದೋ ಅದರಿಂದ ಮೊದಲಿನ ತೂಕವನ್ನು ಭಾಗಿಸಿ, ಕಲ್ಲು ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಸಿಗುತ್ತದೆ. 130 ಗ್ರಾಂ ಕಲ್ಲಿಗೆ ತಕ್ಕಡಿ 50 ತೋರಿಸಿದರೆ 2.6, ಅಂದರೆ ಬೆಣಚು, ಫೆಲ್ಡ್‌ಸ್ಪಾರ್ ಗುಂಪು. 25 ತೋರಿಸಿದರೆ 5.2, ಹೆಮಟೈಟ್ ಇರಬಹುದು ಅಂತ ಅನುಮಾನ ಪಡಿ. ಸ್ಪರ್ಧೆಯಲ್ಲಿ ತಕ್ಕಡಿ ಇರಲಿಕ್ಕಿಲ್ಲ, ಆದರೆ ಹತ್ತು ಸಲ ಹೀಗೆ ಮಾಡಿದ ಕೈಗೆ ಕಲ್ಲು ಎತ್ತಿದ ಕೂಡಲೇ ಭಾರ ಗೊತ್ತಾಗುತ್ತದೆ.

ಈಗ ಹಾಳೆ. ಹೆಸರುಗಳನ್ನು ಅಕಾರಾದಿಯಾಗಿ ಬರೆಯಬೇಡಿ. ಹೆಸರೇ ಗೊತ್ತಿಲ್ಲದೆ ತಾನೇ ನೀವು ಹಾಳೆ ನೋಡುವುದು! ಕೈ ಮೊದಲು ಏನು ಮಾಡುತ್ತದೋ ಆ ಕ್ರಮದಲ್ಲಿ ಬರೆಯಿರಿ. ಒಂದು ಬದಿಗೆ ಲೋಹದ ಹಾಗೆ ಹೊಳೆಯುವವು, ಇನ್ನೊಂದು ಬದಿಗೆ ಹೊಳೆಯದವು. ಹೊಳೆಯುವವನ್ನು ಗೀರಿನ ಬಣ್ಣದ ಪ್ರಕಾರ ಗುಂಪು ಮಾಡಿ, ಉಳಿದವನ್ನು ಗಡಸುತನದ ಪ್ರಕಾರ. ಯಾಕೆಂದರೆ ಹೊಳೆಯದ ಖನಿಜಗಳಲ್ಲಿ ಬಹಳಷ್ಟು ಬಿಳಿಯಾಗೇ ಗೀರುತ್ತವೆ, ಅಲ್ಲಿ ಆ ಬಣ್ಣದಿಂದ ಜಾಸ್ತಿ ಉಪಯೋಗವಿಲ್ಲ.

ಹಾಳೆಯ ಕೆಳಭಾಗವನ್ನು ಜಗಳಗಂಟ ಜೋಡಿಗಳಿಗೆ ಬಿಡಿ. ಅಂಕ ಹೋಗುವುದು ಇಲ್ಲೇ. ಮ್ಯಾಗ್ನೆಟೈಟ್ ಕಪ್ಪಾಗಿ ಗೀರುತ್ತದೆ, ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ, ಹೆಮಟೈಟ್ ಕೆಂಪು-ಕಂದು. ಗ್ರಾಫೈಟ್ ಮತ್ತು ಮ್ಯಾಂಗನೀಸಿನ ಪೈರೊಲುಸೈಟ್ ಎರಡೂ ಬೆರಳಿಗೆ ಕಪ್ಪು ಹತ್ತಿಸುತ್ತವೆ, ಆದರೆ ಗ್ರಾಫೈಟ್ ಹಗುರ, ಜಾರುತ್ತದೆ. ಕ್ಯಾಲ್ಸೈಟಿಗೆ ವಿನೆಗರ್ ಬಿಟ್ಟರೆ ಸಣ್ಣಗೆ ಗುಳ್ಳೆ ಏಳುತ್ತವೆ, ಬೆಣಚಿಗೆ ಏನೂ ಆಗಲ್ಲ. ಹಟ್ಟಿ ಚಿನ್ನದ ಗಣಿಯ ಹೆಸರು ಕೇಳಿದ ರಾಯಚೂರು ಮಕ್ಕಳು ಬೆಣಚಿನಲ್ಲಿ ಹಳದಿ ಮಿಂಚು ಕಂಡ ತಕ್ಷಣ ಚಿನ್ನ ಅಂತ ಬರೆಯುತ್ತಾರೆ. ಅಲ್ಲಿ ಚಿನ್ನ ಬೆಣಚಿನ ಎಳೆಗಳಲ್ಲಿ ಇರುವುದು ನಿಜ. ಆದರೆ ನಿಮ್ಮ ಮುಂದಿರುವುದು ಚಿನ್ನದ ಹಾಗೆ ಕಾಣುವ, ಕಬ್ಬಿಣ-ಗಂಧಕದ ಖನಿಜ ಪೈರೈಟ್ ಆಗಿರುವ ಸಾಧ್ಯತೆಯೇ ಜಾಸ್ತಿ. ಪೈರೈಟ್ ಗೀರಿದರೆ ಹಸಿರು ಛಾಯೆಯ ಕಪ್ಪು, ಚಿನ್ನ ಗೀರಿದರೂ ಹಳದಿ. ಸೂಜಿ ಚುಚ್ಚಿದರೆ ಚಿನ್ನ ತಗ್ಗಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ.

ಈ ಹಾಳೆಯನ್ನು ಮೂರು ಸಲವಾದರೂ ಹೊಸದಾಗಿ ಬರೆಯಿಸುತ್ತೇನೆ. ಮೊದಲ ಸಲ ತುಂಬಿ ತುಳುಕುತ್ತದೆ. ಎರಡನೇ ಸಲ ಬರೆಯುವಾಗ "ಸರ್, ಇದು ನಂಗ ಗೊತ್ತೈತ್ರಿ, ಇದನ್ನ ತೆಗೀತೀನಿ" ಅಂತ ಅವರೇ ಹೇಳುತ್ತಾರೆ. ಆ ಮಾತು ಕೇಳಿದರೆ ನನಗೆ ಖುಷಿಯೋ ಖುಷಿ.

ಸ್ಪರ್ಧೆಯ ಹಾಲ್‌ನಲ್ಲಿ ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ. ಎರಡು ಪರೀಕ್ಷೆ ಮಾಡಿ, ಒಂದು ಹೆಸರು ಪೆನ್ಸಿಲಿನಲ್ಲಿ ಬರೆದ ಮೇಲೆಯೇ ಹಾಳೆ ತೆರೆಯಬೇಕು. 20 ಕಲ್ಲಿಗೆ 40 ನಿಮಿಷ ಅಂದರೆ ಒಂದಕ್ಕೆ ಎರಡೇ ನಿಮಿಷ, ಅದರಲ್ಲಿ ಹಾಳೆಗೆ 20 ಸೆಕೆಂಡ್ ಸಾಕು. ಸಿಗಲಿಲ್ಲವಾ, ಬಿಟ್ಟು ಮುಂದೆ ಹೋಗಿ. ನೋಟ್ಸಿಗೆ ಅವಕಾಶವೇ ಇಲ್ಲದ ಸ್ಪರ್ಧೆಯಾದರೂ ಹಾಳೆ ಬರೆಯಿರಿ, ಒಳಗೆ ಹೋಗುವ ಮುಂಚೆ ಬ್ಯಾಗಿನಲ್ಲಿಟ್ಟು ಹೋಗಿ, ಜೇಬಿನಲ್ಲಿ ಮರೆತು ಕೂಡ ಉಳಿಯಬಾರದು.

ಕಲ್ಲನ್ನು ನಾಲಿಗೆಗೆ ತಾಗಿಸಬೇಡಿ, ಕೆಲವು ಅದಿರುಗಳಲ್ಲಿ ಸೀಸ, ಆರ್ಸೆನಿಕ್ ಇರುತ್ತದೆ. ಆಸಿಡ್ ಪರೀಕ್ಷೆ ಮೇಷ್ಟ್ರು ಎದುರಿಗಿದ್ದರೆ ಮಾತ್ರ. ಹಾಳೆಗೆ ಪ್ಲಾಸ್ಟಿಕ್ ಕವರ್ ಹಾಕಿ, ಜೊತೆಗೆ ಒದ್ದೆ ಕರ್ಚೀಫ್ ಇಟ್ಟುಕೊಳ್ಳಿ. ಮ್ಯಾಂಗನೀಸ್ ಮುಟ್ಟಿದ ಕೈ ಒರೆಸದೆ ಮುಂದಿನ ಕಲ್ಲು ಹಿಡಿದರೆ ಅದಕ್ಕೂ ಕಪ್ಪು ಹತ್ತುತ್ತದೆ, ನಿಮ್ಮ ಹಿಂದೆ ಬರುವ ಮಗುವಿನ ಉತ್ತರವೂ ತಪ್ಪುತ್ತದೆ.