ಪ್ರೋಟೀನ್ ಡಬ್ಬಿಯನ್ನು ತಿರುಗಿಸಿ ಓದಿ

ಉಡುಪಿಯ ಕಲ್ಸಂಕದ ಹತ್ತಿರ ನನ್ನದೊಂದು ಮೆಡಿಕಲ್ ಶಾಪ್. ಪ್ರೋಟೀನ್ ಪೌಡರ್ ನಾನೂ ಮಾರುತ್ತೇನೆ. ಆದರೆ ಡಬ್ಬಿಯ ಮುಂಭಾಗ ನೋಡಿಯೇ ದುಡ್ಡು ತೆಗೆಯುವವರಿಗೆ, 'ಒಂದ್ನಿಮಿಷ ಮಾರ್ರೆ, ತಿರುಗಿಸಿ ನೋಡಿ' ಅಂತ ಹೇಳದೆ ಬಿಡುವುದಿಲ್ಲ.

ಜಿಮ್‌ಗೆ ಹೋಗುವ ಹುಡುಗನೊಬ್ಬ ಬಂದಿದ್ದ. 'ಅಕ್ಕಾ, ಇದ್ರಲ್ಲಿ 45 ಗ್ರಾಂ ಪ್ರೋಟೀನ್ ಉಂಟಂತೆ' ಅಂದ. 45ರ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ ಚಿಹ್ನೆ. ಅದರ ವಿವರ ಹಿಂದುಗಡೆ, ಇರುವೆ ಗಾತ್ರದ ಅಕ್ಷರದಲ್ಲಿ: ಮೂರು ಸ್ಕೂಪ್, ಅಂದರೆ 150 ಗ್ರಾಂ ಪುಡಿ, ಅರ್ಧ ಲೀಟರ್ ಹಾಲಿನಲ್ಲಿ. ಹಾಲಿನದ್ದೇ ಸುಮಾರು 15 ಗ್ರಾಂ ಆಯ್ತಲ್ವಾ? ಪುಡಿಯದ್ದು ಬರೀ 30. ಉಳಿದದ್ದು ಹೆಚ್ಚಾಗಿ ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ಮಾಡಿದ ಪುಡಿ.

ಹಾಗಾಗಿ ಮೊದಲು ಒಂದು ಭಾಗಾಕಾರ ಮಾಡಿ. ಸ್ಕೂಪ್‌ನಲ್ಲಿರುವ ಪ್ರೋಟೀನನ್ನು ಸ್ಕೂಪ್‌ನ ತೂಕದಿಂದ ಭಾಗಿಸಿ. 30 ಗ್ರಾಂ ಸ್ಕೂಪ್‌ಗೆ 24 ಗ್ರಾಂ ಇದ್ದರೆ ಶೇಕಡಾ 80, ಅದು ಒಳ್ಳೆಯ ವೇ (ಹಾಲು ಒಡೆದಾಗ ಉಳಿಯುವ ನೀರಿನ ಪ್ರೋಟೀನ್) ಕಾನ್ಸಂಟ್ರೇಟ್‌ನ ಮಟ್ಟ. ಆ ಹುಡುಗ ತೋರಿಸಿದ್ದು 150ಕ್ಕೆ 30, ಅಂದರೆ ಬರೀ ಶೇಕಡಾ 20.

ಆಮೇಲೆ ಪದಾರ್ಥಗಳ ಪಟ್ಟಿ. ನಮ್ಮ ದೇಶದ ನಿಯಮದ ಪ್ರಕಾರ ತೂಕ ಜಾಸ್ತಿ ಇರುವುದು ಮೊದಲು ಬರಬೇಕು. ಮುಂದೆ ದೊಡ್ಡದಾಗಿ 'ಐಸೊಲೇಟ್' (ಇನ್ನೂ ಶುದ್ಧ ಮಾಡಿದ, ಪ್ರೋಟೀನ್ ಹೆಚ್ಚಿರುವ ವೇ) ಅಂತಿದ್ದು, ಪಟ್ಟಿಯಲ್ಲಿ ಕಾನ್ಸಂಟ್ರೇಟ್ ಮೊದಲಿದ್ದರೆ ಐಸೊಲೇಟ್ ಎಷ್ಟು ಹಾಕಿದ್ದಾರೋ ಅವರಿಗೇ ಗೊತ್ತು.

ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಎಂಬ ಅಗ್ಗದ ಅಮೈನೋ ಆಮ್ಲಗಳು ಕಂಡರೆ ಸ್ವಲ್ಪ ಹುಷಾರು. ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನೇ ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಗ್ಲೈಸಿನ್‌ನಲ್ಲಿ ಸಾರಜನಕ ಎಷ್ಟಿದೆಯೆಂದರೆ, ಆ ಲೆಕ್ಕದಲ್ಲಿ 100 ಗ್ರಾಂ ಗ್ಲೈಸಿನ್ ಸುಮಾರು 117 ಗ್ರಾಂ 'ಪ್ರೋಟೀನ್' ಆಗಿಬಿಡುತ್ತದೆ! ಅಗ್ಗದ ಪುಡಿ ಬೆರೆಸಿ ಅಂಕಿ ಏರಿಸುವ ಕಸುಬು ಇದು. ಕ್ರಿಯಾಟಿನ್ (ಜಿಮ್ಮಿನವರು ಶಕ್ತಿಗೆಂದು ತಗೊಳ್ಳುವ, ಸಾರಜನಕ ಇರುವ ಇನ್ನೊಂದು ಪುಡಿ) ಬೇಕಾದವರು ಬೇರೆಯಾಗಿ ತಗೊಳ್ಳಲಿ, ಅದನ್ನೂ ಪ್ರೋಟೀನ್ ಲೆಕ್ಕಕ್ಕೆ ಸೇರಿಸುವುದು ಯಾಕೆ? ಲ್ಯೂಸಿನ್ (ಸ್ನಾಯು ಬೆಳೆಯಲು ಬೇಕಾದ ಅಮೈನೋ ಆಮ್ಲ) ಎಷ್ಟು ಅಂತ ಬರೆದಿದ್ದರೆ ನೋಡಿ. 25 ಗ್ರಾಂ ವೇ ಪ್ರೋಟೀನ್‌ಗೆ ಎರಡೂವರೆ ಗ್ರಾಂ ಆಸುಪಾಸು ಇರಬೇಕು. ತೀರಾ ಕಡಿಮೆ ಇದ್ದರೆ ನಾನಾದರೆ ಬಿಡುತ್ತೇನೆ.

ಅಮ್ಮನಿಗೆ ಸುಸ್ತು ಅಂತ ಡಬ್ಬಿ ಒಯ್ಯುವವರು 'ಸಕ್ಕರೆ ಸೇರಿಸಿಲ್ಲ' ಅನ್ನುವುದನ್ನು ನಂಬಿ ಕೂರಬೇಡಿ. ಅಲ್ಲೂ ಮಾಲ್ಟೋಡೆಕ್ಸ್‌ಟ್ರಿನ್ ಇರಬಹುದು. ಲೇಬಲ್‌ನಲ್ಲಿ ಅದು ಸಕ್ಕರೆ ಅಲ್ಲ, ರಕ್ತದ ಶುಗರ್ ಏರಿಸುವುದರಲ್ಲಿ ಸಕ್ಕರೆಗೇನೂ ಕಡಿಮೆ ಇಲ್ಲ. ಕಿಡ್ನಿ ತೊಂದರೆ ಇದ್ದರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ.

ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ಲೈಸೆನ್ಸ್ ನಂಬರ್ ಬೇಕೇ ಬೇಕು. ಹಾಗಂತ ಆ ನಂಬರ್ ಇದ್ದ ಮಾತ್ರಕ್ಕೆ ನಿಮ್ಮ ಕೈಯಲ್ಲಿರುವ ಡಬ್ಬಿಯನ್ನು ಯಾರೋ ಪರೀಕ್ಷೆ ಮಾಡಿದ್ದಾರೆ ಅಂತಲ್ಲ. 'ಲ್ಯಾಬ್ ಟೆಸ್ಟೆಡ್' ಅಂದರೆ ವರದಿ ಕೇಳಿ, ಅದರಲ್ಲಿರುವ ಬ್ಯಾಚ್ ನಂಬರ್ ಡಬ್ಬಿಯದ್ದೇನಾ ನೋಡಿ. ಮೋಸ ಅನ್ನಿಸಿದರೆ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಕೊಡಬಹುದು. ಬಿಲ್ ಇಟ್ಟುಕೊಂಡಿರಿ, ಲೇಬಲ್‌ನ ಫೋಟೋವನ್ನೂ ತೆಗೆದಿಡಿ.